ಎರಡನೆಯ ಎಚ್ಚರಿಕೆ

ಪರೀಕ್ಷೆ ಹನ್ನೊಂದಕ್ಕೆ. ಹತ್ತೂವರೆಗೇ ಮಹತಿ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು.

"ಅಜ್ಜಿ, ಲ್ಯಾಪ್‌ಟಾಪಲ್ಲಿರೋ ಈ ಆ್ಯಪ್ ತಾನೇ ಫೋಟೊ ತೆಗೀತಿರತ್ತೆ. ಯಾವಾಗ ಅಂತ ಹೇಳಲ್ಲ. ಇನ್ನೊಬ್ಬರ ಮುಖ ಕಂಡ್ರೆ ಎಚ್ಚರಿಕೆ. ಮೂರನೇ ಸಲಕ್ಕೆ ಪರೀಕ್ಷೆ ಕ್ಯಾನ್ಸಲ್. ನಾನು ಎದ್ದರೂ ಅಷ್ಟೇ, ಮಾತಾಡಿದ್ರೂ ಅಷ್ಟೇ."

"ಹಾಗಾದ್ರೆ ಕಾಫಿ?"

"ಅಜ್ಜೀ!"

ಕೊಚ್ಚಿಯ ಅಂಬಲಮುಗಳ್‌ನಲ್ಲಿ ನನ್ನ ಮಗ ವಿನಯನ ಮನೆಯ ಮೇಲಿನ ಫ್ಲ್ಯಾಟಿನಲ್ಲಿ ಟೈಲ್ಸ್ ಒಡೆಯುತ್ತಿದ್ದಾರೆ. ಸದ್ದಿಲ್ಲದ ಕೋಣೆ ಬೇಕೆಂದು ಮೊಮ್ಮಗಳು ಅಲ್ಲಿಂದ ತಿರುವನಂತಪುರಕ್ಕೆ, ಪಟ್ಟಂನ ನನ್ನ ಮನೆಗೆ ಬಂದಿದ್ದಳು. ಹಳೆಯ ಚಿತ್ರಪಟಗಳನ್ನು ದುರಸ್ತಿ ಮಾಡುವುದನ್ನು ಕಲಿಸುವ ಕೋರ್ಸಿನ ಪ್ರವೇಶ ಪರೀಕ್ಷೆ ಇದು. ಇರುವುದು ಹದಿನಾಲ್ಕೇ ಸೀಟು. ಹೋದ ವರ್ಷ ಡೆಂಗ್ಯೂ ಬಂದು ಪರೀಕ್ಷೆ ತಪ್ಪಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ.

ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಹನ್ನೊಂದೂಕಾಲಿಗೆ ಒಳಗಿನಿಂದ 'ಟಿಕ್' ಎಂದಿತು. ಹಿಂದೆಯೇ ಹೆಂಗಸಿನ ದನಿಯಲ್ಲಿ ಇಂಗ್ಲಿಷ್: ಇನ್ನೊಬ್ಬ ವ್ಯಕ್ತಿ ಕಾಣಿಸುತ್ತಿದ್ದಾರೆ, ಮೊದಲ ಎಚ್ಚರಿಕೆ.

ಬಗ್ಗಿ ನೋಡಿದ ನನ್ನದೇ ತಪ್ಪು ಎಂದುಕೊಂಡು ಅಡುಗೆಮನೆಗೆ ಓಡಿದೆ. ಫ್ರಿಜ್ಜಿನ ಪಕ್ಕ ಅವಿತು ನಿಂತೆ. ಹತ್ತು ನಿಮಿಷವಾಗಿರಬಹುದು, ಮತ್ತೆ ಅದೇ ದನಿ. ಎರಡನೆಯ ಎಚ್ಚರಿಕೆ.

ನಾನಿಲ್ಲಿದ್ದೇನೆ. ಹಾಗಾದರೆ ಅಲ್ಲಿರುವವರು ಯಾರು?

ಹೊಸಿಲ ಈಚೆಯಿಂದ ಕಣ್ಣು ಹಾಯಿಸಿದೆ. ಮಹತಿಯ ಹಿಂದಿನ ಗೋಡೆಯಲ್ಲಿ ನನ್ನ ಯಜಮಾನರು ನಗುತ್ತಿದ್ದರು.

ಪರೀಕ್ಷೆ ಬರೆಯುವವರ ಬೆನ್ನಿಗೆ ಹಿರಿಯರ ಫೋಟೊ ಇರಬೇಕೆಂಬುದು ನಮ್ಮ ಅತ್ತೆಯವರು ಹಾಕಿಕೊಟ್ಟ ರೂಢಿ. ಬೆಳಿಗ್ಗೆ ನಡುಮನೆಯಿಂದ ತಂದು, ಕುಂಕುಮವಿಟ್ಟು ನಾನೇ ತೂಗುಹಾಕಿದ್ದೆ. ಆಗ ಬಿಸಿಲು ಗಾಜಿಗೆ ಬಿದ್ದು ಮುಖ ಕಾಣುತ್ತಿರಲಿಲ್ಲ. ಈಗ ಮೋಡ ಕವಿದು, ಹುಬ್ಬಿನ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಮಹತಿ ಏಳುವಂತಿಲ್ಲ. ನಾನು ಹೋದರೆ ಮೂರನೆಯ ಮುಖ. ಎದುರುಮನೆಯ ಸುಮಯ್ಯಾಳ ಬಾಗಿಲು ತಟ್ಟಿದೆ. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಎಲ್ಲಿಗೋ ಹೊರಟವಳು, ಕೈಯಲ್ಲಿ ಚಪ್ಪಲಿ ಹಿಡಿದೇ ಬಂದಳು. ನನ್ನ ಮುರುಕು ಮಲಯಾಳಂನಲ್ಲಿ ಹೇಳಿದ್ದು ಅವಳಿಗೆ ಅರ್ಥವಾಯಿತು.

"ಅಮ್ಮೇ, ಜೇಡರ ಬಲೆ ತೆಗೆಯೋ ಕೋಲು ಇದೆಯಾ?"

"ಇದೆ. ಆದ್ರೆ ಅದೂ ಫೋಟೊದಲ್ಲಿ ಬರತ್ತಲ್ಲೇ?"

"ಬರಲಿ. ಕೋಲಿಗೆ ಮುಖ ಇಲ್ಲವಲ್ಲ!"

ಕೋಲಿನ ತುದಿಗೆ ನನ್ನ ಹಳೆಯ ವಾಯಿಲ್ ಸೀರೆಯನ್ನು ಜೋತುಬಿಟ್ಟಳು. ಬಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಅಂಗೈಗಿಟ್ಟಳು. ಬಾಗಿಲು ಆ ಗೋಡೆಯ ಮೂಲೆಯಲ್ಲೇ ಇತ್ತು. ಹೊರಗೇ ನಿಂತು, ಗೋಡೆಗುಂಟ ಕೋಲು ಚಾಚಿದಳು.

ಸೀರೆ ಚೌಕಟ್ಟಿನ ಒಂದು ಮೂಲೆಗೆ ಸಿಕ್ಕಿತು, ಜಾರಿತು. ಫೋಟೊ ವಾಲಿತು. ಅದು ಬಿದ್ದರೆ ಮಹತಿ ಬೆಚ್ಚಿ ಏಳುತ್ತಾಳೆ, ಅಲ್ಲಿಗೆ ಮುಗಿಯಿತು. ನನ್ನ ಮುಷ್ಟಿಯೊಳಗೆ ಬಳೆಗಳು ಚರ್ಮಕ್ಕೆ ಒತ್ತುತ್ತಿದ್ದವು. ಸುಮಯ್ಯಾ ಕೋಲನ್ನು ಹಿಂದೆಳೆದುಕೊಂಡು, ನನ್ನತ್ತ ತಿರುಗಿ ಪಿಸುಗುಟ್ಟಿದಳು. "ಅಚ್ಛನ ಮುಖಕ್ಕೆ ಬಟ್ಟೆ ಹಾಕಬಹುದು ತಾನೇ? ನಿಮಗೆ ಬೇಜಾರಿಲ್ಲವಲ್ಲ?"

ಅಂಥ ಹೊತ್ತಿನಲ್ಲಿ ಅದನ್ನು ಕೇಳಬೇಕೆಂದು ಯಾರಿಗೆ ತೋಚುತ್ತದೆ? ತಲೆಯಾಡಿಸಿದೆ. ಎರಡನೆಯ ಸಲ ಸೀರೆ ಮೇಲಿನ ಅಂಚಿಗೆ ಸಿಕ್ಕಿ ನಿಂತಿತು. ಹಣೆ, ಕನ್ನಡಕ, ನಗು, ಎಲ್ಲ ಮುಚ್ಚಿತು.

'ಟಿಕ್.'

ಆ ದನಿ ಬರಲಿಲ್ಲ. ಕೀಲಿಮಣೆಯ ಸದ್ದು ಮಾತ್ರ.

ಹನ್ನೆರಡೂವರೆಯವರೆಗೆ ಸುಮಯ್ಯಾ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತೇ ಇದ್ದಳು, ಸೀರೆ ಜಾರಿದರೆ ಎಂದು. ಎಲ್ಲಿಗೆ ಹೊರಟಿದ್ದೆ ಎಂದು ನಾನು ಕೇಳಿದರೆ "ಸಾರಮಿಲ್ಲ ಅಮ್ಮೇ, ಪರವಾಗಿಲ್ಲ" ಎಂದಳೇ ಹೊರತು ಹೇಳಲಿಲ್ಲ.

ಕೊನೆಗೆ ಮಹತಿ ಹೊರಗೆ ಬಂದಳು. ಕತ್ತು ಒಂದು ಕಡೆಗೆ ವಾಲಿತ್ತು.

"ಸಬ್ಮಿಟ್ ಆಯ್ತು. ಎರಡನೇ ವಾರ್ನಿಂಗ್ ಬಂದಾಗಲೇ ತಾತ ಅಂತ ಗೊತ್ತಾಯ್ತು. ಆಗಿಂದ ನನ್ನ ತಲೆಯಿಂದ ಅವರ ಮುಖ ಮುಚ್ಚಿಕೊಂಡು ಸೊಟ್ಟಗೇ ಕೂತಿದೀನಿ."

"ಅಯ್ಯೋ, ನಾವು ಸೀರೆ ಹಾಕಿದ್ವಲ್ಲೇ!"

ಅವಳು ಹಿಂದೆ ತಿರುಗಲು ಹೋಗಿ, ಕತ್ತು ಹಿಡಿದುಕೊಂಡು "ಹಾ" ಎಂದಳು. ಸುಮಯ್ಯಾ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕತ್ತು ನೀವತೊಡಗಿದಳು. ಬಳೆಗಳಿನ್ನೂ ನನ್ನ ಕೈಯಲ್ಲೇ ಇದ್ದವು.