ಪಿತ್ತದ ಮನುಷ್ಯ

“ಇವರಿಗೆ ಇನ್ನೇನು ಬಿಡಿಸಲಿ ಹೇಳಿ, ಡಾಕ್ಟರಮ್ಮ,” ಎಂದು ಹೆಂಡತಿ ಕೇಳಿದಾಗ ಅವನ ಮಣಿಕಟ್ಟು ಆಯುರ್ವೇದದ ಡಾಕ್ಟರಮ್ಮನ ಮೂರು ಬೆರಳುಗಳ ಕೆಳಗಿತ್ತು. ಖಾರ ಬಿಟ್ಟಾಗಿತ್ತು, ಹುಳಿ ಬಿಟ್ಟಾಗಿತ್ತು, ಕರಿದದ್ದು ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅವನ ಪಿತ್ತ ಕೆರಳಬಾರದೆಂದು ಹೆಂಡತಿಯೂ ಮಗಳೂ ಸಪ್ಪೆ ಊಟವನ್ನೇ ಉಣ್ಣುತ್ತಿದ್ದರು. ಆದರೂ ಸಿಟ್ಟು ಇಳಿದಿಲ್ಲ ಎಂದು, ತಪ್ಪೆಲ್ಲ ತನ್ನ ಅಡುಗೆಯದೇ ಎಂಬಂತೆ ಅವಳು ಹೇಳಿಕೊಂಡಳು.

ಕಳೆದ ಸಲ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ವಾತ, ಪಿತ್ತ, ಕಫ ಮೂರೂ ಎಲ್ಲರ ಮೈಯಲ್ಲೂ ಇರುತ್ತವೆ, ಹದ ತಪ್ಪಿದರೆ ಕಾಯಿಲೆ; ಇವನಲ್ಲಿ ಹುಟ್ಟಿನಿಂದಲೇ ಪಿತ್ತ ಒಂದು ಕೈ ಮೇಲು. ಊಟದಲ್ಲಿ, ನಿದ್ದೆಯಲ್ಲಿ, ನಡತೆಯಲ್ಲಿ ಹಿಡಿತವಿರಲಿ ಎಂದೂ ಹೇಳಿದ್ದರು. ಹಿಡಿತದ ಮಾತನ್ನು ಅಲ್ಲೇ ಬಿಟ್ಟು ಈ ಪುಣ್ಯಾತ್ಮ ಪಿತ್ತವನ್ನಷ್ಟೇ ಮನೆಗೆ ಹೊತ್ತು ತಂದಿದ್ದ. ತಟ್ಟೆ ಎಸೆದರೂ ಪಿತ್ತ, ಕಿರುಚಾಡಿದರೂ ಪಿತ್ತ. ಮೊನ್ನೆ ಬಾಗಿಲು ತೆಗೆಯಲು ತಡವಾಯಿತೆಂದು ಮಗಳ ಕೆನ್ನೆಗೆ ಬಾರಿಸಿ, ನನ್ನ ಮೈಗುಣವೇ ಹೀಗೆ, ನಾನೇನು ಮಾಡಲಿ ಎಂದು ಕೈ ತೊಳೆದುಕೊಂಡಿದ್ದ. ಅದನ್ನೂ ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು.

ಡಾಕ್ಟರಮ್ಮ ನಾಡಿ ಬಿಟ್ಟು, ಕೆಲಸ ಏನು ಎಂದು ಕೇಳಿದರು. ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್ ಎಂದ. ದಿನವಿಡೀ ಗಿರಾಕಿಗಳ ಕಾಲ ಬಳಿ ಕೂತು ತೊಡಿಸುವುದು, ಬಿಚ್ಚುವುದು. ಇದ್ದಬದ್ದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಕೊನೆಗೆ ಮೂಗು ಮುರಿದು ಎದ್ದುಹೋಗುವವರೂ ಇದ್ದಾರೆ ಎಂದು ನಕ್ಕ.

“ಅಂಥವರಿಗೆ ಏನಂತೀರಿ?”

“ಏನಂತೀನಿ, ಡಾಕ್ಟರಮ್ಮ? ಗಿರಾಕಿಗಳಲ್ವಾ. ನಗ್ತಾ ಮತ್ತೆ ಬನ್ನಿ ಅಂತೀನಿ.”

“ಬೈಯೋದಿಲ್ವಾ? ಕೈ ಎತ್ತೋದಿಲ್ವಾ?”

“ಅಯ್ಯೋ, ಎಲ್ಲಾದ್ರೂ ಆಗುತ್ತಾ.”

“ಹಾಗಾದ್ರೆ ನಿಮ್ಮ ಪಿತ್ತ ಆಳು ನೋಡಿ ಕೆರಳುತ್ತೆ,” ಎಂದರು ಡಾಕ್ಟರಮ್ಮ. “ಪಿತ್ತ ಇದ್ದೋರಿಗೆ ಸಿಟ್ಟು ಬೇಗ ಬರುತ್ತೆ, ನಿಜ. ಯಾರ ಮೇಲೆ ತೀರಿಸ್ಕೋಬೇಕು ಅಂತ ಅದು ಹೇಳಿಕೊಡಲ್ಲ.” ಆಮೇಲೆ ಹೆಂಡತಿಯ ಕಡೆ ತಿರುಗಿ, ನೀವೂ ಮಗುವೂ ಇವತ್ತಿನಿಂದ ಬಾಯಿಗೆ ರುಚಿಯಾದದ್ದು ಮಾಡಿಕೊಂಡು ತಿನ್ನಿ ಎಂದರು.

ಅವನ ಮುಖ ಕಪ್ಪಿಟ್ಟಿತು. ಹೆಂಡತಿ ತನ್ನನ್ನು ನೋಡುತ್ತಾಳೇನೋ ಎಂದು ಹೆದರಿದ. ಅವಳು ನೆಲ ನೋಡುತ್ತಿದ್ದಳು. ಅವಳಿಗೆ ಇದರಲ್ಲಿ ಹೊಸತೇನೂ ಇದ್ದಂತಿರಲಿಲ್ಲ. ಅದು ತಿಳಿದಾಗ ನಾಚಿಕೆಯಿಂದ ಅವನಿಗೆ ಕುರ್ಚಿ ಬಿಟ್ಟು ಏಳುವುದೇ ಕಷ್ಟವಾಯಿತು.

ಮನೆಯಲ್ಲಿ ಮಗಳು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಅಪ್ಪನನ್ನು ಕಂಡದ್ದೇ ಬಣ್ಣದ ಪೆನ್ಸಿಲುಗಳನ್ನು ಬಾಚಿಕೊಂಡು ಎದ್ದಳು.

“ಕೂತ್ಕೋ ಪುಟ್ಟಿ,” ಎಂದ. ದನಿ ಮೆತ್ತಗಿತ್ತು. ಆ ದನಿಯ ಪರಿಚಯ ಅವಳಿಗಿರಲಿಲ್ಲ.

“ನಾನೇನೂ ಮಾಡಿಲ್ಲಪ್ಪಾ.”

ತಲೆ ಸವರಲೆಂದು ಅವನು ಕೈ ಚಾಚಿದ. ಮಗಳು ಗಟ್ಟಿಯಾಗಿ ಕಣ್ಣು ಮುಚ್ಚಿ, ಕೆನ್ನೆಗೆ ಅಂಗೈ ಅಡ್ಡ ಹಿಡಿದು, ಕಾಯುತ್ತ ನಿಂತಳು.