ನಮ್ಮತ್ತೆಯ ಮೂಗು

ನಮ್ಮತ್ತೆಯ ಮೂಗಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿದ್ದಾಗ ಪಕ್ಕದ ಓಣಿಯಲ್ಲಿ ಯಾರಾದರೂ ಹಳೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಈಕೆ ನಮ್ಮ ಮನೆಯಲ್ಲಿ ಕೂತು ಸೀನುತ್ತಿದ್ದಳು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಅದರ ಕೆಳಗೆ ಆ ಮೂಗು. ಮಡಿಯ ವಿಷಯದಲ್ಲಿ ಇಡೀ ಮನೆಗೆ ಅದೇ ಪೊಲೀಸ್ ಠಾಣೆ. ಇಂಥ ಮೂಗನ್ನು ಕಟ್ಟಿಕೊಂಡು ನಾವು ಉಡುಪಿಯ ಹತ್ತಿರ, ಕೆಮ್ಮಣ್ಣು ಎಂಬ ಊರಿಗೆ ಬಂದು ಬಿದ್ದೆವು.

ಸುಮ್ಮನೆ ಬರಲಿಲ್ಲ, ಓಡಿಸಿದರು ಎಂದು ಬಂದೆವು. ಬಾಗಲಕೋಟೆ ಕಡೆಯ ನಮ್ಮ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಬದಲಿಗೆ ಸಿಕ್ಕ ಪುನರ್ವಸತಿ ಕೇಂದ್ರದಲ್ಲಿ ತಗಡಿನ ಶೆಡ್ಡು, ಕೆಟ್ಟುಹೋದ ಬೋರ್‌ವೆಲ್ಲು ಮತ್ತು ಮಂತ್ರಿಯ ಹೆಸರು ಕೆತ್ತಿದ ದೊಡ್ಡ ಕಲ್ಲು ಇದ್ದವು. ಊರು ಮುಳುಗುವಷ್ಟು ನೀರು ಕೊಟ್ಟ ಮಹಾನುಭಾವರಿಗೆ ಒಂದು ಕೊಡ ಕುಡಿಯುವ ನೀರು ಕೊಡಲು ಕೈ ಬರಲಿಲ್ಲ. ನೀರು ಏರಿದ ದಿನ ಎಲ್ಲರೂ ಟ್ರ್ಯಾಕ್ಟರ್ ಹತ್ತಿದರೆ ಅತ್ತೆ ದೇವರ ಜಗಲಿಯ ಮುಂದೆ ಕೂತುಬಿಟ್ಟಳು. ನೀರು ಹೊಸ್ತಿಲು ದಾಟಿ ಸೀರೆಯ ಅಂಚು ತೋಯುವ ತನಕ ಏಳಲಿಲ್ಲ. ಅವಳ ಹಟ ಆ ಜಾತಿಯದು, ನೆನಪಿಟ್ಟುಕೊಳ್ಳಿ.

ಮಣಿಪಾಲದಲ್ಲಿ ಬೇಕಾದಷ್ಟು ಕೆಲಸವಿದೆ ಎಂದು ಹೇಳಿದವನು ನಮ್ಮೂರಿನ ರೇವಪ್ಪ. ಇತ್ತು, ಸುಳ್ಳೇನಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತರೆ ಕಂಟ್ರಾಕ್ಟರು ಬಂದು ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡುತ್ತಿದ್ದ, ಬಾಯಿ ತೆಗೆಸಿ ಹಲ್ಲು ನೋಡುವುದೊಂದು ಬಾಕಿ. ಎಂತ ಕೆಲಸ ಬರ್ತದೆ ಎಂದು ಕೇಳಿದ್ದಕ್ಕೆ ನನ್ನ ಗಂಡ ಕರಿಬಸವ, ಬಿತ್ತಲು ಬರುತ್ತದೆ, ಹರಗಲು ಬರುತ್ತದೆ ಎಂದನಂತೆ. ಪುಣ್ಯಾತ್ಮ. ಕಟ್ಟುತ್ತಿದ್ದ ಹಾಸ್ಟೆಲಿನ ಮೂರನೇ ಮಾಳಿಗೆಯ ಮೇಲೆ ಜೋಳ ಬಿತ್ತುವವರು ಯಾರು? ಕೆಂಪುಕಲ್ಲು ಹೊರಲು ಹಾಕಿದರು.

ಮಣಿಪಾಲದ ಬಾಡಿಗೆ ಕೇಳಿದರೆ, ಹಳೇ ಮನೆ ನೀರೊಳಗಿದ್ದರೂ ಪರವಾಗಿಲ್ಲ, ವಾಪಸು ಹೋಗೋಣ ಎನ್ನಿಸುತ್ತಿತ್ತು. ಹಾಗಾಗಿ ಕೆಮ್ಮಣ್ಣು. ಗ್ಲ್ಯಾಡಿಸ್ ಬಾಯಿಯವರ ತೆಂಗಿನ ತೋಟದ ಮೂಲೆಯಲ್ಲಿ ಒಂದು ಕೋಣೆ. ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಬಾಯಿ ಎಂದು ಕರೆಯುತ್ತಾರೆ. ಅವರ ಗಂಡ ಮಸ್ಕತ್‌ನಲ್ಲಿ, ಮನೆ ದೊಡ್ಡದು, ಮನಸ್ಸೂ ಸಣ್ಣದಲ್ಲ. ಊರು ಮುಳುಗಿದ ಕಥೆ ಕೇಳಿ ಅಡ್ವಾನ್ಸ್ ಬೇಡವೆಂದರು. ತೋಟದಾಚೆ ನೋಡಿದರೆ ಅಲ್ಲೂ ಹಿನ್ನೀರು, ಕಡಲು ಸೇರುವ ಹೊಳೆಯದು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

ಅವಳು ನಗದೇ ಇದ್ದುದಕ್ಕೆ ಇನ್ನೊಂದು ಕಾರಣವಿತ್ತು. ಬಾಯಿಯವರ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದರು. ಟ್ರಂಕಿನ ಮೇಲೆ ಕೂತವಳು ಸೆರಗಿನಿಂದ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟಳು.

"ಅವರ ಮನಿ, ಅವರು ಏನರ ತಿನ್ನಲಿ. ನೀವು ಮೀನ ಮುಟ್ಟಿದ ದಿನ ನಾ ಆ ತಗಡಿನ ಶೆಡ್ಡಿಗೆ ಹೊಳ್ಳಿ ಹೋಗ್ತೀನಿ."

ಹೋಗುವವಳೇ. ಹೋದರೆ ಆ ಶೆಡ್ಡಿನಲ್ಲಿ ಒಬ್ಬಳೇ, ಬೇಸಿಗೆ ಬಂದರೆ ಹೆಂಚಿನ ಮೇಲಿನ ರೊಟ್ಟಿಯ ಹಾಗೆ. ಇಲ್ಲಿ ನನ್ನ ಮಗಳು ಶೈಲಶ್ರೀಯನ್ನು ನೋಡಿಕೊಳ್ಳುವವರು ಯಾರು? ಅತ್ತೆ ಇದ್ದರೆ ಮಾತ್ರ ನಾವಿಬ್ಬರೂ ಕೆಲಸಕ್ಕೆ ಹೋಗಲು ಸಾಧ್ಯ. ಇಬ್ಬರೂ ದುಡಿಯದೆ ಈ ಊರಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲ.

ಮಳೆಗಾಲ ಬಂತು, ಕಟ್ಟಡದ ಕೆಲಸ ನಿಂತಿತು. ಈ ಊರಿನ ಮಳೆಗೆ ನಿಲ್ಲುವುದನ್ನು ಯಾರೂ ಕಲಿಸಿಲ್ಲ. ಆಗ ನಾನು ಬಾಯಿಯವರ ಮನೆಗೆ ಪಾತ್ರೆ ತಿಕ್ಕಲು ಸೇರಿದೆ. ಪಾತ್ರೆಯಿಂದ ನೆಲಕ್ಕೆ, ನೆಲದಿಂದ ಬಟ್ಟೆಗೆ, ಕೊನೆಗೆ ಒಂದು ದಿನ ಬಂಗುಡೆ ಮೀನಿಗೆ ಬಂದು ಮುಟ್ಟಿದೆ. ಮೊದಲ ದಿನ ಕಣ್ಣು ಮುಚ್ಚಿಕೊಂಡು ಕೊಯ್ದೆ, ಬೆರಳು ಕೊಯ್ದುಕೊಂಡೆ. ಎರಡನೆಯ ದಿನ ಕಣ್ಣು ಬಿಟ್ಟೆ. ಆಮೇಲೆ ಕೈಗೆ ಅಭ್ಯಾಸವಾಯಿತು. ಅತ್ತೆಗೆ ಗುಜ್ಜೆ, ಎಂದರೆ ಎಳೆ ಹಲಸಿನಕಾಯಿ, ಹೆಚ್ಚುವ ಕೆಲಸ ಎಂದೆ. ವರ್ಷವಿಡೀ ಗುಜ್ಜೆ ಬಿಡುವ ಮರ ಯಾವ ಲೋಕದಲ್ಲಿದೆಯೋ, ಅವಳು ಕೇಳಲಿಲ್ಲ.

ಮಳೆ ತಗ್ಗಿ ಬೋಟುಗಳು ಮತ್ತೆ ಕಡಲಿಗಿಳಿದಾಗ ಕರಿಬಸವನಿಗೂ ಮಲ್ಪೆಯಲ್ಲಿ ಕೆಲಸ ಸಿಕ್ಕಿತು. ಐಸ್ ಫ್ಯಾಕ್ಟರಿ ಎಂದ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಐಸೆಂದರೆ ನೀರು, ನೀರೆಂದರೆ ಮಡಿ. ಮಗ ಸಂಜೆ ಬಂದವನೇ ಬಾವಿಕಟ್ಟೆಗೆ ಓಡಿ ಸ್ನಾನ ಮಾಡಿ, ಮೈತುಂಬ ವಿಭೂತಿ ಬಳಿದುಕೊಂಡು ಒಳಗೆ ಬರುತ್ತಿದ್ದ. ಇಷ್ಟು ಭಕ್ತಿ ಇವನಿಗೆ ಎಲ್ಲಿಂದ ಬಂತೆಂದು ನನಗೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಬ್ಬರೂ ನಾರುತ್ತಿದ್ದರೆ ಒಬ್ಬರ ನಾತ ಇನ್ನೊಬ್ಬರಿಗೆ ಗೊತ್ತಾಗುವುದು ಹೇಗೆ?

ಒಂದು ದಿನ ತಮ್ಮ ಮನೆಗೆ ನೆಂಟರು ಬರುತ್ತಾರೆಂದು ಬಾಯಿಯವರು ನನ್ನನ್ನು ಮಲ್ಪೆ ಬಂದರಿಗೆ ಕರೆದುಕೊಂಡು ಹೋದರು. ಅಲ್ಲಿ ಲಾರಿಯ ಮೇಲೆ, ಮೊಣಕಾಲಿನವರೆಗೆ ಬಂಗುಡೆಯಲ್ಲಿ ಹೂತುಕೊಂಡು, ಸಲಿಕೆಯಿಂದ ಐಸ್ ಎಳೆಯುತ್ತಿದ್ದವನು ಯಾರು ಹೇಳಿ. ಲಿಂಗಕ್ಕೆ ಮೀನಿನ ನೀರು ತಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊರಳಿಗೆ ಬಿಗಿದುಕೊಂಡಿದ್ದ. ನನ್ನ ತಲೆಯ ಮೇಲೆ ಬೂತಾಯಿ ಮೀನಿನ ಬುಟ್ಟಿ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮದುವೆಯಲ್ಲಿ ಅಂತರಪಟ ಸರಿದಾಗ ಕೂಡ ನಾವು ಅಷ್ಟು ನಾಚಿರಲಿಲ್ಲ.

ಆವತ್ತಿನಿಂದ ಕಳ್ಳತನ ಜಂಟಿಯಾಯಿತು. ಲಿಂಬೆಹಣ್ಣು, ಹುಣಸೆಹಣ್ಣು, ಬೂದಿ ಯಾವುದನ್ನೂ ಬಿಡದೆ ಕೈ ತಿಕ್ಕಿದೆವು. ಕೋಣೆಯಲ್ಲಿ ಊದುಬತ್ತಿಯ ಹೊಗೆಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅತ್ತೆ ಮೂಗೇರಿಸಿದಾಗಲೆಲ್ಲ ಕರಿಬಸವ ಈ ಊರಿನ ಗಾಳಿಯನ್ನು ಬೈಯುತ್ತಿದ್ದ. ಗಾಳಿ ಪಾಪ, ಏನು ಹೇಳೀತು?

ಹೇಳಿದವರು ಗ್ಲ್ಯಾಡಿಸ್ ಬಾಯಿ. ಒಂದು ಭಾನುವಾರ ಚರ್ಚಿನಿಂದ ಬರುವಾಗ ನೇರ ನಮ್ಮ ಬಾಗಿಲಿಗೆ ಬಂದರು. ಅತ್ತೆ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

"ಅಮ್ಮ, ನಿಮ್ಮ ಸೊಸೆಯ ಕೈ ಎಂತ ಕೈ! ಅವಳ ಹಾಗೆ ಬಂಗುಡೆ ಕ್ಲೀನ್ ಮಾಡುವವರು ಈ ಊರಲ್ಲೇ ಇಲ್ಲ. ಇವತ್ತು ಸ್ವಲ್ಪ ಬೇಗ ಕಳಿಸಿ ಆಯ್ತಾ, ಜನ ಉಂಟು."

ಹೊಗಳಿ ಹೋದರು, ಪುಣ್ಯಾತ್ಮಗಿತ್ತಿ. ನನ್ನ ಕೈಯಲ್ಲಿದ್ದ ರೊಟ್ಟಿ ಹರಿದು ಎರಡಾಯಿತು. ಅತ್ತೆ ಜಡೆ ಪೂರ್ತಿ ಹಾಕಿದಳು, ರಿಬ್ಬನ್ ಕಟ್ಟಿದಳು. ಆಮೇಲೆ ಎದ್ದು ಮಂಚದ ಕೆಳಗಿಂದ ಟ್ರಂಕನ್ನು ಎಳೆದಳು. ಹೋಯಿತು, ಮುಗಿಯಿತು ಎಂದುಕೊಂಡೆ. ಬೆಳಗಾದರೆ ಈ ಮುದುಕಿ ಸಾಯಲಿ ಎಂದು ಗೊಣಗುತ್ತಿದ್ದವಳು ನಾನೇ. ಈಗ ಅವಳು ಹೊರಟರೆ ಕಾಲು ಹಿಡಿದಾದರೂ ನಿಲ್ಲಿಸಬೇಕು ಎನ್ನಿಸಿತು, ಮಗಳಿಗಾಗಿ ಮಾತ್ರವಲ್ಲ. ನನಗೆ ಅಳು ಬಂತು.

ಟ್ರಂಕಿನಿಂದ ಅವಳು ತೆಗೆದದ್ದು ಸೀಗೆಪುಡಿಯ ಗಂಟು. ನನ್ನ ಮುಂದೆ ಇಟ್ಟಳು.

"ಇದರಿಂದ ತಿಕ್ಕೋ. ಅವನಿಗೂ ಹೇಳು, ವಿಭೂತಿ ಹಾಳ ಮಾಡೂದು ಸಾಕು. ಊರ ಮುಳಿಗೈತಿ, ನನ್ನ ಮೂಗ ಮುಳಿಗಿಲ್ಲ."

"ಗೊತ್ತಿತ್ತಂದ್ರ ಯಾಕ ಸುಮ್ನಿದ್ರಿ ಅತ್ತಿ?"

ಅವಳು ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ದೂಡಿದಳು.

"ನಮ್ಮ ದೇವರ ಜಗಲಿ ಮ್ಯಾಲ ಈಗ ಮೀನ ಅಡ್ಡಾಡಾಕತ್ತಾವ. ನಾ ಕುಂದ್ರೂ ಜಾಗಾದಾಗ ಅವು ಇರತಾವ. ಅವಕ್ಕ ಬ್ಯಾಡ ಅನ್ನಾಕ ಆಗಲಿಲ್ಲ ನನಗ. ನಿಮಗೇನ ಅನ್ಲಿ?"

ಮರುದಿನ ನಾನು ಕೆಲಸಕ್ಕೆ ಹೊರಟರೆ ಮೊಮ್ಮಗಳ ಕೈ ಹಿಡಿದುಕೊಂಡು ತಾನೂ ಬಂದಳು. ಬಾಯಿಯವರ ಹಿತ್ತಲಿನ ಮೆಟ್ಟಿಲ ಮೇಲೆ, ಮೂಗಿಗೆ ಸೆರಗು ಹಿಡಿದು ಕೂತಳು. ಆ ತನಕ ಅವಳು ಮೀನನ್ನು ಹತ್ತಿರದಿಂದ ನೋಡಿರಲಿಲ್ಲ. ಬುಟ್ಟಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿ, ಇದು ಎಲ್ಲಿಯದು ಎಂದು ಕೇಳಿದಳು. ಕಡಲಿನದು ಎಂದರು ಬಾಯಿ. ಹಾಗಾದರೆ ಕೊಯ್ಯಿ ಎಂದು ನನಗೆ ಅಪ್ಪಣೆ ಕೊಟ್ಟಳು. ಅಂದಿನಿಂದ ಅದೇ ಪದ್ಧತಿಯಾಯಿತು. ಬಂಗುಡೆ ಬರಲಿ, ಅಂಜಲ್ ಬರಲಿ, ಈಕೆಯ ಚೆಕ್‌ಪೋಸ್ಟ್ ದಾಟಿಯೇ ನನ್ನ ಕತ್ತಿಗೆ ಬರಬೇಕು. ಬಾಯಿಯವರಿಗೆ ಇದೊಂದು ತಮಾಷೆ.

ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಬೇರೆ ಮೀನಿತ್ತು, ತೆಳ್ಳಗೆ ಉದ್ದಕ್ಕೆ. ಅತ್ತೆ ಕೇಳುವ ಮೊದಲೇ ಬಾಯಿಯವರು ಸಂಭ್ರಮದಿಂದ ಹೇಳಿದರು.

"ಇದು ಕಾನೆ ಅಮ್ಮ. ಕಡಲಿದ್ದಲ್ಲ, ಇಲ್ಲಿಯದ್ದೇ, ನಮ್ಮ ಹಿನ್ನೀರಿದ್ದು. ಭಾರೀ ರುಚಿ ಉಂಟು."

ನಾನು ಕತ್ತಿಗೆ ಕೈ ಹಾಕಿದ್ದೆ. ಅತ್ತೆ ಮೂಗಿನಿಂದ ಸೆರಗು ತೆಗೆದಳು. ಆ ಸೆರಗನ್ನೇ ಬುಟ್ಟಿಯ ಮೇಲೆ ಹೊದಿಸಿದಳು.

"ಇದನ್ನ ಬಿಡ. ಯಾರ ಮನ್ಯಾಗಿಂದೋ ಏನೋ."

ಬಾಯಿಯವರಿಗೆ ನಮ್ಮ ಕಡೆಯ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಆವತ್ತು ಪೂರ್ತಿ ತಿಳಿಯಿತೆಂದು ಕಾಣುತ್ತದೆ. ಸೆರಗು ಸರಿಸಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಕಾನೆ ಬಂದ ದಿನ ಈಗಲೂ ಅವರೇ ಕ್ಲೀನ್ ಮಾಡಿಕೊಳ್ಳುತ್ತಾರೆ, ನನಗೆ ರಜೆ.