ಹೊಟ್ಟೆಯ ಮಗಳು

ಹೆಣದ ಕಾಲಿಗೆ ಅರಿಸಿನ ಹಚ್ಚುತ್ತಿದ್ದ ಲಕ್ಕವ್ವನ ಕೈ ತಟ್ಟನೆ ನಿಂತಿತು. ಹಿತ್ತಲಲ್ಲಿ ಸೀರೆ ಮರೆ ಕಟ್ಟಿ ಅಕ್ಕುತಾಯಿಯ ಕಡೆಯ ಸ್ನಾನ ನಡೆದಿತ್ತು. ನೀರು ಹಾಕುತ್ತಿದ್ದವಳು ಸೊಸೆ ನೀಲಮ. ಹೆಣದ ಎಡಗಾಲಿನ ಸುತ್ತ, ಕಡಗ ತೊಡಿಸಿದಂತೆ, ಹಕ್ಕಳೆಗಟ್ಟಿದ ಕಪ್ಪು ಗೆರೆ.

“ಇದ ಹಗ್ಗದ ಗುರ್ತು,” ಎಂದಳು ಲಕ್ಕವ್ವ, ಸತ್ತವಳ ನಾದಿನಿ. “ನಮ್ಮ ವೈನೀನ ದನಾ ಕಟ್ಟಿದಂಗ ಕಟ್ಟ್ಯಾರ!”

ನಾಲ್ಕು ವರ್ಷ ಇತ್ತ ಹಣಿಕಿ ಹಾಕದಿದ್ದ ಐನಾಪುರದ ಹೆಂಗಸರ ಕಣ್ಣೆಲ್ಲ ಈಗ ನೀಲಮಳ ಮೇಲೆ ಬಿದ್ದವು. ನೀಲಮ ಮಾತ್ರ ಸತ್ತವಳ ಮಗಳು ಕುಸುಮಳನ್ನು ನೋಡಿದಳು.

*

ಹೋದ ತಿಂಗಳು ನೀಲಮಳ ಗರ್ಭಕೋಶದ ಆಪರೇಷನ್ ಆಗಿತ್ತು. ಹತ್ತು ದಿನದ ಮಟ್ಟಿಗೆ ಕುಸುಮ ಅವ್ವನನ್ನು ನಿಪ್ಪಾಣಿಯ ತನ್ನ ಮನೆಗೆ ಕರೆದೊಯ್ದಳು. ಅವ್ವನಿಗೆ ಮರೆವಿನ ರೋಗ. ಇಂಥವರನ್ನು ಹಗಲು ನೋಡಿಕೊಳ್ಳುವ ಜಾಗ ಈ ಕಡೆ ಎಲ್ಲೂ ಇಲ್ಲ, ಮನೆಯವರೇ ನೋಡಬೇಕು ಎಂದು ಡಾಕ್ಟರು ಎಂದೋ ಕೈ ತೊಳೆದುಕೊಂಡಿದ್ದರು.

“ಎದ್ದು ನಡದ್ರ ಏನ ಮಾಡ್ಲಿ?” ಎಂದು ಕುಸುಮ ಕೇಳಿದ್ದಳು.

“ತಡೀಬ್ಯಾಡ್ರಿ ಅಕ್ಕಾರ, ಹಿಂದಿಂದ ಹೋಗ್ರಿ. ದಣದ ಮ್ಯಾಲ ತಾವ ನಿಮ್ಮ ಕೈ ಹಿಡೀತಾರ,” ಎಂದಿದ್ದಳು ನೀಲಮ. ನಾಲ್ಕು ವರ್ಷ ಅವಳು ಅತ್ತೆಯ ಹಿಂದೆ ಹೀಗೆಯೇ ದ್ರಾಕ್ಷಿ ತೋಟವನ್ನೆಲ್ಲ ಸುತ್ತಿದ್ದಳು.

ಕುಸುಮ ಎರಡು ದಿನ ಹಿಂದೆ ಹೋದಳು. ಮೂರನೆಯ ದಿನ ಅವ್ವ ಹೆದ್ದಾರಿಯ ನಟ್ಟನಡುವೆ ನಿಂತು, ಎಂದೋ ಮಾರಿದ್ದ ಎಮ್ಮೆಯನ್ನು ಕೂಗುತ್ತಿದ್ದಳು. ಕುಸುಮ ಕಲಿಸುತ್ತಿದ್ದ ಶಾಲೆಯಲ್ಲಿ ಹೆಚ್ಚಿನ ರಜೆ ಕೊಡಲಿಲ್ಲ. ಮರುದಿನ ಕುಸುಮ ಅವ್ವನ ಕಾಲನ್ನು ಮಂಚಕ್ಕೆ ಕಟ್ಟಿ, ಮನೆಗೆ ಬೀಗ ಜಡಿದು ಪಾಠ ಮಾಡಲು ಹೋದಳು. ಅಂಥವು ಏಳು ದಿನ.

ತಿರುಗಿ ಬಿಡಲು ಬಂದಾಗ ನೀಲಮ ಗಾಯ ಕಂಡಳು. “ಯಾರ ಮುಂದೂ ಹೇಳೂದಿಲ್ಲ, ಅಳಬ್ಯಾಡ್ರಿ,” ಎನ್ನುತ್ತ ಕೊಬ್ಬರಿ ಎಣ್ಣೆ ಹಚ್ಚಿದಳು. ಹದಿನೈದು ದಿನಕ್ಕೆ ಜ್ವರ ಬಂದು ಮುದುಕಿ ತೀರಿಹೋಯಿತು.

*

“ಬಾಯಿ ಬಿಡ ನೀಲಮ, ಯಾಕ ಕಟ್ಟಿದಿ?” ಲಕ್ಕವ್ವ ಬಿಡಲಿಲ್ಲ.

ನೀಲಮ ತಂಬಿಗೆಯಲ್ಲಿ ಮತ್ತೆ ನೀರು ತುಂಬಿಕೊಂಡಳು. ಹೇಳಬೇಕಾದವಳು ತಾನೇ ಎಂಬುದು ಕುಸುಮಳಿಗೆ ಗೊತ್ತಿತ್ತು. ಒಂದೇ ಮಾತು ಸಾಕಿತ್ತು. ಅವಳು ಬಾಯಿ ತೆರೆದಳು. ಹೊರಬಂದದ್ದು ಹಾಡಿಕೊಂಡು ಅಳುವ ಅಳು.

“ಹೂವಿನಂಥಾ ಕಾಲ, ನನ ಹಡದವ್ವಾ... ಯಾವ ಪಾಪಿ ಕಟ್ಟಿದಳ, ನನ ಹಡದವ್ವಾ...”

ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ಬಿಕ್ಕಿದರು. ಲಕ್ಕವ್ವ ನೀಲಮಳ ಕೈಯಿಂದ ತಂಬಿಗೆ ಕಸಿದುಕೊಂಡಳು. “ನೀ ಮುಟ್ಟಬ್ಯಾಡ, ಸರಿ ಆಚೆ. ಹೊಟ್ಟಿ ಮಗಳ ತೊಳೀತಾಳ.”

ನೀಲಮ ಮರೆ ದಾಟಿ ಹೊರಗೆ ಹೋದಳು. ಕುಸುಮ ಅವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು.

“ನೋಡ್ರಿ, ಮಗಳ ಕರುಳ ಅಂದ್ರ ಇದು,” ಎಂದರು ಯಾರೋ.

ಅವಳು ನೀರು ಹಾಕಿ ತಿಕ್ಕಿದಳು, ಮತ್ತೆ ತಿಕ್ಕಿದಳು. ಗಾಯದ ಹಕ್ಕಳೆ ಕಿತ್ತು ಅವಳ ಬೆರಳಿಗೆ ಅಂಟಿಕೊಂಡಿತು.